ಉಸಿರಿನ ಮದ್ದನ್ನು ಬಚ್ಚಿಡುವುದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ನಮ್ಮ ಮನೆಗಳಲ್ಲಿ ಔಷಧಗಳಿಗೂ ಒಂದು ಅಂತಸ್ತಿದೆ. ಅಬ್ಬಾರ ಸಕ್ಕರೆ ಕಾಯಿಲೆಯ ಗುಳಿಗೆ ಗೋಡೆಯ ಗೂಡಿನಲ್ಲಿ ಎಲ್ಲರ ಕಣ್ಣೆದುರು ಇರುತ್ತದೆ. ದಾದಿಯ ರಕ್ತದೊತ್ತಡದ ಗುಳಿಗೆಯನ್ನು ಮೊಮ್ಮಕ್ಕಳೇ ನೀರಿನ ಲೋಟದೊಂದಿಗೆ ತಂದು ಕೊಡುತ್ತಾರೆ. ನೆಂಟರು ಬಂದರೆ ಯಾರಿಗೆ ಶುಗರ್ ಎಷ್ಟು ಏರಿದೆ ಎಂಬುದು ಚಹಾದ ಜೊತೆಗಿನ ಮಾತಾಗುತ್ತದೆ. ಆದರೆ ಅದೇ ಮನೆಯ ಸೊಸೆಯ ಇನ್‌ಹೇಲರ್ ತಲೆದಿಂಬಿನ ಕೆಳಗಿರುತ್ತದೆ, ಇಲ್ಲವೇ ಟ್ರಂಕಿನಲ್ಲಿ ಸೀರೆಗಳ ನಡುವೆ ಅಡಗಿರುತ್ತದೆ. ಆಕೆಗೆ ಉಸಿರು ಕಟ್ಟಿದಾಗ ಮೊದಲು ಬಾಗಿಲು ಮುಚ್ಚುತ್ತಾಳೆ, ನಂತರ ಪಂಪು ಹುಡುಕುತ್ತಾಳೆ. ಬಾಗಿಲು ಮುಚ್ಚುವ ಆ ಅರ್ಧ ನಿಮಿಷದ ಬಗ್ಗೆಯೇ ನಮ್ಮ ತಕರಾರು.

ನಮ್ಮ ಕಡೆ ದಮ್ಮು ಎಂದೂ ಉಬ್ಬಸವೆಂದೂ ಕರೆಯಲ್ಪಡುವ, ವೈದ್ಯರು ಅಸ್ತಮಾ ಎನ್ನುವ ಈ ಕಾಯಿಲೆ ಯಾರ ಪಾಪದ ಫಲವೂ ಅಲ್ಲ, ಯಾರ ವಂಶದ ಕಳಂಕವೂ ಅಲ್ಲ. ಶ್ವಾಸನಾಳಗಳ ಒಳಪದರ ಉರಿತದಿಂದ ಊದಿಕೊಂಡಿರುತ್ತದೆ. ಧೂಳು, ಹೊಗೆ, ಶೀತ, ನೆಗಡಿ ಅಥವಾ ಘಾಟು ತಾಕಿದೊಡನೆ ನಾಳದ ಸುತ್ತಣ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ಕಟ್ಟುತ್ತದೆ, ಹೊರಬರಬೇಕಾದ ಗಾಳಿ ಶಿಳ್ಳೆ ಹೊಡೆಯುತ್ತ ಹೆಣಗುತ್ತದೆ. ಇದರಲ್ಲಿ ನಾಚಿಕೆಗೆ ಸ್ಥಳವೆಲ್ಲಿ? ಸುಲ್ತಾನ್ ಸಲಾಹುದ್ದೀನರ ಕಾಲದಲ್ಲಿ, 12ನೆಯ ಶತಮಾನದ ಕೊನೆಗೆ, ಕೈರೋ ನಗರದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್ ಅವರು ಉನ್ನತ ಮನೆತನದ ಒಬ್ಬ ರೋಗಿಗಾಗಿ ಈ ಕಾಯಿಲೆಯ ಕುರಿತೇ ಅರಬಿ ಭಾಷೆಯಲ್ಲಿ ಒಂದು ಗ್ರಂಥ ಬರೆದುಕೊಟ್ಟರು. ಯಾವ ಗಾಳಿಯಲ್ಲಿ ವಾಸಿಸಬೇಕು, ಏನನ್ನು ಉಣ್ಣಬೇಕು ಎಂಬುದನ್ನೆಲ್ಲ ಅದರಲ್ಲಿ ವಿವರಿಸಿದರು. ಎಂಟು ಶತಮಾನಗಳ ಹಿಂದೆ ದೊಡ್ಡ ಮನೆಯವರು ಕೇಳಿ ಬರೆಸಿಕೊಂಡ ವಿಷಯವನ್ನು ನಾವು ಇಂದು ನಮ್ಮ ಮನೆಯ ಹುಡುಗಿಯ ಬಾಯಿಂದ ಹೊರಬರಲು ಬಿಡುತ್ತಿಲ್ಲ.

ಪಂಪಿನ ವಿರುದ್ಧ ನಮ್ಮಲ್ಲಿ ಮೊದಲು ಕೇಳಿಬರುವ ಮಾತು: "ಒಮ್ಮೆ ಹಿಡಿದರೆ ಅದು ಬಿಡೋದಿಲ್ಲ, ಚಟ ಆಗುತ್ತದೆ." ಈ ಮಾತನ್ನಾಡುವವರು ಹತ್ತು ವರ್ಷಗಳಿಂದ ರಕ್ತದೊತ್ತಡದ ಗುಳಿಗೆ ನುಂಗುತ್ತಿರುತ್ತಾರೆ. ಅದನ್ನು ಅವರು ಚಟ ಎನ್ನುವುದಿಲ್ಲ, ಚಿಕಿತ್ಸೆ ಎನ್ನುತ್ತಾರೆ. ದೀರ್ಘಕಾಲ ಉಳಿಯುವ ಕಾಯಿಲೆಗೆ ದೀರ್ಘಕಾಲ ಮದ್ದು ಬೇಕಾಗುತ್ತದೆ ಎಂಬ ಸರಳ ಸಂಗತಿ ದಮ್ಮಿನ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಮರೆತುಹೋಗುತ್ತದೆ. ಪಂಪನ್ನು ಬಿಟ್ಟಾಗ ಉಬ್ಬಸ ಮರಳಿದರೆ ಅದಕ್ಕೆ ಕಾರಣ ಪಂಪು ಹಚ್ಚಿದ ಚಟವಲ್ಲ. ಕಾಯಿಲೆ ಒಳಗೇ ಇತ್ತು, ಪಂಪು ಅದನ್ನು ತಡೆದು ನಿಲ್ಲಿಸಿತ್ತು.

ಎರಡನೆಯ ಮಾತು ಇದಕ್ಕಿಂತ ಅಪಾಯಕಾರಿ. ಪಂಪು ಬಹಳ "ಸ್ಟ್ರಾಂಗ್", ಅದು ಕೊನೆಯ ಹಂತದ ಮದ್ದು, ಅಲ್ಲಿಯವರೆಗೆ ಗುಳಿಗೆ ಮತ್ತು ಸೂಜಿಯಿಂದ ಸಾಗಿಸೋಣ ಎಂಬ ನಂಬಿಕೆ. ಲೆಕ್ಕವನ್ನೇ ನೋಡೋಣ. ಉಬ್ಬಸ ತಗ್ಗಿಸುವ ಸಾಲ್‌ಬ್ಯೂಟಮಾಲ್ ಎಂಬ ಔಷಧವು ಗುಳಿಗೆಯ ರೂಪದಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ ಹೊರಬರುತ್ತದೆ. ಎರಡು ಸಲ ಒತ್ತಿದರೆ 200. ಗುಳಿಗೆಯದು ಇಪ್ಪತ್ತು ಪಟ್ಟು. ಗುಳಿಗೆ ಹೊಟ್ಟೆಗಿಳಿದು, ರಕ್ತ ಸೇರಿ, ದೇಹವನ್ನೆಲ್ಲ ಸುತ್ತಿ ಕೊನೆಗೆ ಶ್ವಾಸನಾಳಕ್ಕೆ ತಲುಪುತ್ತದೆ. ಆ ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಪಂಪಿನ ಮದ್ದು ನೇರವಾಗಿ ಬೇಕಾದಲ್ಲಿಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ಸ್ಟೀರಾಯ್ಡ್ ವಿಷಯವೂ ಹೀಗೆಯೇ. ಪಂಪಿನಲ್ಲಿ ಬರುವ ಬ್ಯುಡೆಸೊನೈಡ್ ಒಂದು ಸಲಕ್ಕೆ ಸಾಮಾನ್ಯವಾಗಿ 100ರಿಂದ 400 ಮೈಕ್ರೋಗ್ರಾಂ. ತೀವ್ರ ಉಬ್ಬಸಕ್ಕೆ ನುಂಗಿಸುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ ತನಕ ಇರುತ್ತದೆ, ಅಂದರೆ 40,000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಔಷಧಗಳು, ಸಂಖ್ಯೆಗೆ ಸಂಖ್ಯೆ ಹೋಲಿಸುವುದು ಪೂರ್ತಿ ಸರಿಯಲ್ಲ ಎಂಬುದು ನಮಗೆ ಗೊತ್ತು. ಆದರೂ ದೇಹದ ಮೇಲೆ ಬೀಳುವ ಹೊರೆ ಯಾವುದರದು ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ.

ವೈದ್ಯರೇ ತೀವ್ರ ದಾಳಿಯ ಸಮಯದಲ್ಲಿ ಐದೇಳು ದಿನ ಸ್ಟೀರಾಯ್ಡ್ ಗುಳಿಗೆ ಕೊಟ್ಟರೆ ಅದು ಜೀವರಕ್ಷಕ. ಅದನ್ನು ನಾವು ವಿರೋಧಿಸುತ್ತಿಲ್ಲ. ನಮ್ಮ ವಿರೋಧ ಬೇರೆ ರೂಢಿಗೆ. ಸಂತೆಯ ದಿನ ಪೇಟೆಗೆ ಬಂದವರು ತಮಗೆ ಪರಿಚಯದ ಕಡೆ "ಒಂದು ಸೂಜಿ ಹಾಕಿ" ಎಂದು ತೋಳು ಚಾಚುತ್ತಾರೆ. ಹದಿನೈದು ದಿನ ಹಾಯಾಗಿರುತ್ತದೆ, ಮತ್ತೆ ಸೂಜಿ. ಕೆಲವರು ಚೀಟಿಯಿಲ್ಲದ, ಹೆಸರಿಲ್ಲದ ಪುಡಿಯ ಪೊಟ್ಟಣ ತರುತ್ತಾರೆ. "ಇದು ಗಿಡಮೂಲಿಕೆ, ಏನೂ ಆಗೋದಿಲ್ಲ" ಎಂದು ಮಾರಲಾಗುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಪಂಪಿನ 200 ಮೈಕ್ರೋಗ್ರಾಂ ಸ್ಟೀರಾಯ್ಡ್‌ಗೆ ಹೆದರಿದ ತಾಯಿ ತನ್ನ ಮಗನಿಗೆ ಅಳತೆಯೇ ಇಲ್ಲದ ಸ್ಟೀರಾಯ್ಡನ್ನು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಾಳೆ. ಮುಖ ಊದಿಕೊಂಡು ದುಂಡಗಾದಾಗ "ಮೈ ಹತ್ತಿದೆ" ಎಂದು ಸಂತೋಷಪಡುತ್ತಾಳೆ. ಬಳಿಕ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಬೆಳೆಯುವ ಮಗುವಿನ ಎತ್ತರ ಕುಂಠಿತವಾಗುತ್ತದೆ.

ಪ್ರತಿವರ್ಷ ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಆರಂಭವಾಗುವ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ಮೈದಾನದಲ್ಲಿ ಜೀವಂತ ಮೀನಿನ ಮರಿಯ ಬಾಯಿಗೆ ಹಳದಿ ಮದ್ದು ತುರುಕಿ ನುಂಗಿಸುತ್ತಾರೆ. ಸಾವಿರಾರು ಜನ ಸರದಿಯಲ್ಲಿ ನಿಲ್ಲುತ್ತಾರೆ, ಧರ್ಮಭೇದವಿಲ್ಲದೆ. ಮದ್ದಿನಲ್ಲಿ ಏನಿದೆ ಎಂಬುದು ಗುಟ್ಟು. ಅಲ್ಲಿಗೆ ಹೋಗುವವರ ಸಂಕಟವನ್ನು ನಾವು ಹಾಸ್ಯ ಮಾಡುವುದಿಲ್ಲ. ಉಸಿರಿಗಾಗಿ ಒದ್ದಾಡುವವನು ಎಲ್ಲಿಗಾದರೂ ಹೋಗುತ್ತಾನೆ. ಆದರೆ ಬಹಿರಂಗ ಮೈದಾನದಲ್ಲಿ ಮಿಡುಕುವ ಮೀನನ್ನು ನುಂಗಲು ನಾಚದವನು ಮನೆಯ ಪಡಸಾಲೆಯಲ್ಲಿ ಪಂಪು ಸೇದಲು ನಾಚುವುದು ಯಾವ ನ್ಯಾಯ?

ಉಸಿರಿನ ಮೂಲಕ ಮದ್ದು ಕೊಡುವುದು ಪರದೇಶದವರ ಪದ್ಧತಿ ಎನ್ನುವವರಿಗೆ ಒಂದು ಮಾತು. ಮದಗುಣಕಿಯ ಎಲೆಯ ಹೊಗೆಯಿಂದ ಉಬ್ಬಸ ತಗ್ಗಿಸುವ ರೂಢಿ ನಮ್ಮ ನಾಡಿನದೇ. 1802ರ ಸುಮಾರಿಗೆ ಅದು ಮದರಾಸಿನಿಂದ ಬ್ರಿಟಿಷ್ ಸೇನಾಧಿಕಾರಿಯೊಬ್ಬರ ಮೂಲಕ ಇಂಗ್ಲೆಂಡಿಗೆ ಹೋಯಿತು. (ಇದನ್ನು ಓದಿ ಯಾರೂ ಮದಗುಣಕಿ ಸೇದಲು ಹೋಗಬಾರದು, ಅದು ವಿಷ.) ಇಂದಿನ ಅಳತೆಯ ಪಂಪು ಬಂದದ್ದು 1956ರಲ್ಲಿ, ಅಮೆರಿಕದಲ್ಲಿ. ಔಷಧ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಡಾ. ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ ಇತ್ತು. ತಲೆಗೂದಲಿಗೆ ಸಿಂಪಡಿಸುವ ಡಬ್ಬಿಯ ಹಾಗೆ ನನ್ನ ಮದ್ದನ್ನೂ ಡಬ್ಬಿಯಲ್ಲಿ ತುಂಬಬಾರದೇಕೆ ಎಂದು ಆಕೆ ತಂದೆಯನ್ನು ಕೇಳಿದಳು, ಪಂಪು ಹುಟ್ಟಿತು. ನಮ್ಮ ದೇಶದ ಔಷಧದ ಅಂಗಡಿಗಳಲ್ಲಿ ಜನ ಹೆಸರು ಹಿಡಿದು ಕೇಳುವ ಆಸ್ತಾಲಿನ್ ಪಂಪನ್ನು ತಯಾರಿಸುವ ಸಿಪ್ಲಾ ಕಂಪನಿಯನ್ನು 1935ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದವರು ಖ್ವಾಜಾ ಅಬ್ದುಲ್ ಹಮೀದ್. ಒಬ್ಬ ಹುಡುಗಿ ತನ್ನ ಕಾಯಿಲೆಯನ್ನು ಬಚ್ಚಿಡದೆ ಬಾಯಿಬಿಟ್ಟು ಕೇಳಿದ್ದರಿಂದ ಜಗತ್ತಿಗೆ ದೊರೆತ ವಸ್ತುವನ್ನು ನಮ್ಮ ಹುಡುಗಿಯರು ಬಚ್ಚಿಟ್ಟುಕೊಂಡು ಬದುಕಬೇಕಾಗಿದೆ.

ಈಗ ಮದುವೆಯ ವಿಷಯ. ಹೆಣ್ಣು ನೋಡಲು ಬರುವವರ ಮುಂದೆ ಪಂಪು ಕಾಣಬಾರದೆಂದು ತಾಯಂದಿರು ಎಚ್ಚರವಹಿಸುತ್ತಾರೆ. ನಿಕಾಹ್ ಆಗುತ್ತದೆ. ಹೊಸ ಮನೆಯಲ್ಲಿ ಸೌದೆಯ ಒಲೆ, ಹಬ್ಬದ ಸುಣ್ಣ, ಗುರುವಾರದ ಲೋಬಾನದ ಹೊಗೆ. ಹುಡುಗಿ ಪಂಪನ್ನು ತಂದಿರುವುದಿಲ್ಲ, ತಂದಿದ್ದರೂ ತೆಗೆಯುವುದಿಲ್ಲ. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗೆ ಮೂರು ತಿಂಗಳು ನೆಗಡಿಯೆಂದು ಹೇಳಿಕೊಂಡೇ ಕಳೆದ ಸೊಸೆ ಒಂದು ರಾತ್ರಿ ತುಟಿ ನೀಲಿಗಟ್ಟಿ ದವಾಖಾನೆ ಸೇರಿದಳು. ಅಲ್ಲಾಹನ ಕೃಪೆ, ಉಳಿದಳು. ಮರುದಿನ ಎರಡೂ ಮನೆಯವರ ನಡುವೆ ನಡೆದ ಜಗಳ ಏನೆಂದರೆ, ಮೊದಲೇ ಏಕೆ ಹೇಳಲಿಲ್ಲ ಎಂಬುದು. ಅತ್ತೆಯ ಪ್ರಶ್ನೆ ನ್ಯಾಯವಾದುದೇ. ಆದರೆ ಮೊದಲೇ ಹೇಳಿದ್ದರೆ ಆ ಸಂಬಂಧ ಕೂಡಿಬರುತ್ತಿತ್ತೇ ಎಂಬ ತಾಯಿಯ ಮರುಪ್ರಶ್ನೆಗೆ ಅತ್ತೆಯ ಬಳಿ ಉತ್ತರವಿರಲಿಲ್ಲ. ಕಾಯಿಲೆಯನ್ನು ಮುಚ್ಚಿಡುವುದು ತಪ್ಪು ಎಂದು ಹುಡುಗಿಯ ಕಡೆಯವರಿಗೆ ಉಪದೇಶಿಸುವ ನಾವು, ಹೇಳಿದವರ ಮನೆಯಿಂದ ಎದ್ದುಬರುವ ಗಂಡಿನ ಕಡೆಯವರಿಗೆ ಏನನ್ನೂ ಹೇಳುವುದಿಲ್ಲ. ಗಂಡಿಗೂ ದಮ್ಮು ಇರುತ್ತದೆ. ಅವನ ಪಂಪಿನ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ಆಕೆ ಗರ್ಭಿಣಿಯಾದರೆ "ಮಗುವಿಗೆ ತೊಂದರೆ, ಪಂಪು ಬಿಡು" ಎಂಬ ಆಜ್ಞೆ ಹೊರಡುತ್ತದೆ. ವೈದ್ಯಶಾಸ್ತ್ರ ಇದಕ್ಕೆ ತದ್ವಿರುದ್ಧವಾಗಿ ಹೇಳುತ್ತದೆ. ಹತೋಟಿಯಲ್ಲಿಲ್ಲದ ಉಬ್ಬಸದಿಂದಲೇ ಹೊಟ್ಟೆಯ ಮಗುವಿಗೆ ಪ್ರಾಣವಾಯು ಕಡಿಮೆಯಾಗುತ್ತದೆ, ದಿನ ತುಂಬುವ ಮುನ್ನ ಹೆರಿಗೆಯಾಗುವ, ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚುತ್ತದೆ. ಗರ್ಭಾವಸ್ಥೆಯಲ್ಲಿ ಪಂಪು ಮುಂದುವರಿಸಬೇಕೆಂಬುದೇ ವೈದ್ಯರ ಸ್ಪಷ್ಟ ಸಲಹೆ.

ಇನ್ನು ರಮಝಾನ್. ಇಲ್ಲಿಯೇ ನಾವು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಇಲ್ಲಿ ಜೀವ ತೆಗೆಯುವ ಮಾತುಗಳನ್ನು ದೀನಿನ ಹೆಸರಿನಲ್ಲಿ ಆಡಲಾಗುತ್ತದೆ.

ಉಪವಾಸ ವ್ರತದಲ್ಲಿ ಇನ್‌ಹೇಲರ್ ಬಳಸಿದರೆ ರೋಝಾ ಮುರಿಯುತ್ತದೆಯೇ? ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ಅಡಗಿಸುವುದು ಬೇಡ. ಸೌದಿ ಅರೇಬಿಯದ ಶೈಖ್ ಇಬ್ನ್ ಬಾಝ್ ಮತ್ತು ಶೈಖ್ ಇಬ್ನ್ ಉಸೈಮೀನ್ ಅವರಂಥ ವಿದ್ವಾಂಸರು ಸ್ಪ್ರೇ ಪಂಪಿನಿಂದ ವ್ರತ ಭಂಗವಾಗದು ಎಂದಿದ್ದಾರೆ. ಅದು ಅನ್ನವೂ ಅಲ್ಲ, ಪಾನೀಯವೂ ಅಲ್ಲ, ಹೋಗುವುದು ಶ್ವಾಸಕೋಶಕ್ಕೆ. ಗಂಟಲಲ್ಲಿ ಉಳಿಯುವ ಅಂಶ ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ನೀರಿನ ಉಳಿಕೆಯಷ್ಟೂ ಇರದು ಎಂಬುದು ಈ ಪಕ್ಷದ ವಾದ. 200 ಒತ್ತುಗಳ ಡಬ್ಬಿಯಲ್ಲಿರುವ ದ್ರವವನ್ನು ಲೆಕ್ಕ ಹಾಕಿದರೆ ಒಂದು ಒತ್ತಿಗೆ ಸುಮಾರು ಒಂದು ಹನಿ ಬರುತ್ತದೆ, ಅದರಲ್ಲೂ ಬಹುಪಾಲು ಆವಿಯಾಗಿ ಹೋಗುತ್ತದೆ. ಈ ಪಕ್ಷದಲ್ಲಿಯೂ ಕೆಲವರು ಪುಡಿಯ ಕ್ಯಾಪ್ಸೂಲ್ ಹಾಕಿ ಸೇದುವ ಸಾಧನವನ್ನು ಸ್ಪ್ರೇಯಿಂದ ಬೇರೆಯಾಗಿ ಕಾಣುತ್ತಾರೆ. ಇನ್ನೊಂದು ಕಡೆ, ನಮ್ಮ ಸೀಮೆಯ ಬಹುತೇಕರು ಅನುಸರಿಸುವ ಹನಫಿ ಮದ್‌ಹಬಿನ ಹೆಚ್ಚಿನ ಮುಫ್ತಿಗಳು, ಔಷಧದ ಕಣಗಳು ಗಂಟಲಿನಿಂದ ಒಳಗಿಳಿಯುವುದರಿಂದ ರೋಝಾ ಮುರಿಯುತ್ತದೆ ಎನ್ನುತ್ತಾರೆ. ಎರಡೂ ಕಡೆ ದೊಡ್ಡ ವಿದ್ವಾಂಸರಿದ್ದಾರೆ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಪ್ರತಿಯೊಬ್ಬರೂ ತಾವು ನಂಬುವ ಆಲಿಮರನ್ನು ಕೇಳಿ ನಡೆಯಲಿ.

ಆದರೆ ಕಠಿಣವಾದ ಅಭಿಪ್ರಾಯವನ್ನೇ ಹಿಡಿದರೂ ಅದು ಹೇಳುವುದೇನು? ಪಂಪು ಬಳಸಿದರೆ ಆ ದಿನದ ರೋಝಾ ಮುರಿಯಿತು, ಆರೋಗ್ಯ ಕೂಡಿದಾಗ ಒಂದು ದಿನಕ್ಕೆ ಒಂದು ದಿನ ಕಝಾ ಮಾಡು. ಕಾಯಿಲೆಯ ಅನಿವಾರ್ಯದಿಂದ ಮುರಿದವನ ಮೇಲೆ ಅರವತ್ತು ದಿನಗಳ ಕಫ್ಫಾರಾ ಇಲ್ಲ. ಚೇತರಿಸುವ ನಿರೀಕ್ಷೆಯೇ ಇಲ್ಲದವನಿಗೆ ದಿನಕ್ಕೊಬ್ಬ ಬಡವನಿಗೆ ಉಣಿಸುವ ಫಿದ್ಯಾ ಇದೆ. ಉಸಿರು ಕಟ್ಟಿ ಸತ್ತರೂ ಪಂಪು ಮುಟ್ಟಬೇಡ ಎಂದು ಯಾವ ಮದ್‌ಹಬಿನ ಯಾವ ಮುಫ್ತಿಯೂ ಹೇಳಿಲ್ಲ. ಅದನ್ನು ಹೇಳುವವರು ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತವರು, ನಮ್ಮದೇ ಮನೆಯ ಹಿರಿಯರು. "ಇನ್ನೆರಡು ತಾಸು ತಡೆದುಕೋ, ಇಫ್ತಾರ್ ಆಗುತ್ತದೆ" ಎನ್ನುತ್ತಾರೆ. ಹಸಿವನ್ನು ಎರಡು ತಾಸು ತಡೆಯಬಹುದು. ಉಸಿರನ್ನು ತಡೆಯಲಾಗದು.

ಸೂರಃ ಅಲ್‌ಬಕರದ 184 ಮತ್ತು 185ನೆಯ ವಚನಗಳು ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ಅವಕಾಶ ಕೊಟ್ಟಿವೆ. ಅಲ್ಲಾಹನು ನಮಗೆ ಬಯಸುವುದು ಸರಳತೆಯನ್ನೇ ಹೊರತು ಕಷ್ಟವನ್ನಲ್ಲ ಎಂದು ಅಲ್ಲಿಯೇ ತಿಳಿಸಲಾಗಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಕಸಿದುಕೊಳ್ಳುವ ಅಧಿಕಾರ ಈ ಹಿರಿಯರಿಗೆ ಯಾರು ಕೊಟ್ಟರು?

ಅಬೂದಾವೂದ್‌ನಲ್ಲಿ ಹಝ್ರತ್ ಜಾಬಿರ್(ರ)ರಿಂದ ಬಂದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಗುಲಿ ತಲೆಗೆ ಗಾಯವಾಯಿತು. ರಾತ್ರಿ ಅವರ ಮೇಲೆ ಸ್ನಾನ ಕಡ್ಡಾಯವಾಯಿತು. ನೀರಿನ ಬದಲು ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುವಾಗ ನಿನಗೆ ರಿಯಾಯಿತಿ ಇಲ್ಲ ಎಂದು ಅವರು ಹೇಳಿದರು. ಸ್ನಾನ ಮಾಡಿದ ಆ ಮನುಷ್ಯ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ ಮುಹಮ್ಮದ್(ಸ)ರು ಆ ಜೊತೆಗಾರರೇ ಅವರನ್ನು ಕೊಂದರೆಂದು ಕಟುವಾಗಿ ಖಂಡಿಸಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದು ತಿಳಿಸಿದರು. ಆ ಜೊತೆಗಾರರು ದುಷ್ಟರಾಗಿರಲಿಲ್ಲ, ಧರ್ಮದ ಕಾಳಜಿಯಿಂದಲೇ ಹೇಳಿದ್ದರು. ರಮಝಾನಿನ ಮಧ್ಯಾಹ್ನ ಮೇಲುಸಿರು ಬಿಡುತ್ತಿರುವವನ ಕೈಯಿಂದ ಪಂಪು ಕಿತ್ತಿಡುವವರು ತಮ್ಮ ಹೆಸರನ್ನು ಯಾವ ಸಾಲಿನಲ್ಲಿ ಬರೆಸಿಕೊಳ್ಳುತ್ತಿದ್ದಾರೆ ಎಂಬುದನ್ನು ಯೋಚಿಸಲಿ.

ವಾಸ್ತವದಲ್ಲಿ ಈ ಜಗಳದ ಬಹುಭಾಗ ಹುಟ್ಟುವುದೇ ಅರ್ಧ ಚಿಕಿತ್ಸೆಯಿಂದ. ಪಂಪುಗಳಲ್ಲಿ ಎರಡು ಕೆಲಸದವು ಇವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಒಂದು, ಬಿಗಿದ ನಾಳವನ್ನು ಆ ಹೊತ್ತಿಗೆ ಸಡಿಲಿಸುವಂಥದು, ಸಾಲ್‌ಬ್ಯೂಟಮಾಲ್ ಇದೇ. ಇನ್ನೊಂದು, ಒಳಗಿನ ಉರಿತವನ್ನೇ ದಿನದಿನಕ್ಕೆ ತಗ್ಗಿಸುವ, ಸಣ್ಣ ಪ್ರಮಾಣದ ಸ್ಟೀರಾಯ್ಡ್ ಇರುವಂಥದು. ಮೊದಲನೆಯದು ತಕ್ಷಣ ಆರಾಮ ಕೊಡುವುದರಿಂದ ಜನ ಅದನ್ನೇ ನೆಚ್ಚುತ್ತಾರೆ. ಎರಡನೆಯದು ಆ ಕ್ಷಣಕ್ಕೆ ಏನೂ ಮಾಡಿದಂತೆ ತೋರದ ಕಾರಣ ಅರ್ಧಕ್ಕೇ ಬಿಡುತ್ತಾರೆ. ಮನೆಯ ಒಳಗೆ ಬೆಂಕಿ ಹೊಗೆಯಾಡುತ್ತಿರುವಾಗ ಕಿಟಕಿ ಮಾತ್ರ ತೆರೆದು ಕುಳಿತಂತೆ ಇದು. ಅಸ್ತಮಾ ಚಿಕಿತ್ಸೆಗೆ ಮಾರ್ಗದರ್ಶನ ನೀಡುವ ಜಾಗತಿಕ ಸಂಸ್ಥೆ ಜಿನಾ 2019ರಿಂದ ಸ್ಪಷ್ಟವಾಗಿಯೇ ಹೇಳಿದೆ: ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್‌ಬ್ಯೂಟಮಾಲ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳುವ ಚಿಕಿತ್ಸೆ ಸಲ್ಲದು, ಉರಿತ ತಗ್ಗಿಸುವ ಸ್ಟೀರಾಯ್ಡ್ ಪಂಪು ಜೊತೆಗಿರಲೇಬೇಕು. 200 ಒತ್ತುಗಳ ಸಾಲ್‌ಬ್ಯೂಟಮಾಲ್ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾದರೆ ದಾಳಿಯ ಅಪಾಯ ಹೆಚ್ಚಿದೆಯೆಂದು, ತಿಂಗಳಿಗೊಂದರಂತೆ ಖಾಲಿಯಾದರೆ ಸಾವಿನ ಅಪಾಯವೇ ಹೆಚ್ಚಿದೆಯೆಂದು ತಿಳಿಯಬೇಕು.

ದಿನಕ್ಕೆರಡು ಸಲದ ತಡೆಯುವ ಪಂಪನ್ನು ಸಹರಿಗೆ ಒಮ್ಮೆ, ಇಫ್ತಾರ್ ನಂತರ ಒಮ್ಮೆ ತೆಗೆದುಕೊಂಡರೆ ಹೇಗೂ ಹನ್ನೆರಡು ತಾಸಿನ ಆಸುಪಾಸಿನ ಅಂತರ ಸಿಗುತ್ತದೆ. ಕಾಯಿಲೆ ಹತೋಟಿಯಲ್ಲಿದ್ದರೆ ಹಗಲಿನಲ್ಲಿ ಪಂಪಿನ ಅಗತ್ಯವೇ ಅಪರೂಪ. ಪಂಪಿನಿಂದ ರೋಝಾ ಕೆಡುತ್ತದೆಂದು ವರ್ಷವಿಡೀ ಪಂಪನ್ನೇ ದೂರವಿಡುವವನು ರಮಝಾನಿನಲ್ಲಿ ರೋಝಾವನ್ನೂ ಕಳೆದುಕೊಳ್ಳುತ್ತಾನೆ, ಆರೋಗ್ಯವನ್ನೂ ಕಳೆದುಕೊಳ್ಳುತ್ತಾನೆ. ಈಗ ಕೆಲವು ವರ್ಷಗಳಿಂದ ರಮಝಾನ್ ಫೆಬ್ರವರಿ–ಮಾರ್ಚ್ ಆಸುಪಾಸಿಗೆ ಬರುತ್ತಿದೆ. ನಮ್ಮ ಸೀಮೆಯಲ್ಲಿ ಅದು ಜೋಳದ ರಾಶಿಯ ಕಾಲ, ಮಲಪ್ರಭೆಯ ದಡದಲ್ಲಿ ಕಬ್ಬು ಕಡಿದು ರವದಿಗೆ ಬೆಂಕಿಯಿಡುವ ಕಾಲ. ಬೈಲಹೊಂಗಲದ ಜಿನ್ನಿಂಗ್ ಗಿರಣಿಗಳ ಹತ್ತಿಯ ಧೂಳಿದೆ, ರಾಮದುರ್ಗದ ಮಗ್ಗಗಳ ನೂಲಿನ ಧೂಳಿದೆ. ಕಿತ್ತೂರಿನ ಕಡೆ ಮಳೆಗಾಲದ ತೇವಕ್ಕೆ ಗೋಡೆ ಬೂಸು ಹಿಡಿಯುತ್ತದೆ, ಸವದತ್ತಿಯಲ್ಲಿ ಜಾತ್ರೆಯ ದಿನಗಳ ಭಂಡಾರ ಗಾಳಿಯಲ್ಲಿ ತೇಲುತ್ತದೆ.

ಹತ್ತಿಯ ಮಾತು ಬಂದಾಗ ನಮ್ಮ ಪಿಂಜಾರ–ನದಾಫ ಬಂಧುಗಳನ್ನು ಮರೆಯುವಂತಿಲ್ಲ. ತಲೆಮಾರುಗಳಿಂದ ಹತ್ತಿ ಹಿಂಜಿ ಊರವರಿಗೆಲ್ಲ ಗಾದಿ ಕಟ್ಟಿಕೊಟ್ಟವರು ಅವರು. ಮಲಗಿದವರಿಗೆ ಮೆತ್ತಗಿನ ಹಾಸಿಗೆ, ಹಿಂಜಿದವರ ಎದೆಯೊಳಗೆ ಹತ್ತಿಯ ನೆಣೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಬೇರೆಯೇ ಕಾಯಿಲೆಯೂ ಇದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ಆದ್ದರಿಂದ ಉಸಿರು ಕಟ್ಟಿದ್ದೆಲ್ಲ ಅಸ್ತಮಾ ಎಂದು ನಾವೇ ನಿರ್ಧರಿಸಿ ನೆರೆಮನೆಯವರ ಪಂಪು ಎರವಲು ತರುವುದೂ ತಪ್ಪು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಆಗಬೇಕು, ಸರಕಾರಿ ದವಾಖಾನೆಯಲ್ಲಿ ಅದು ಉಚಿತ. ಮತ್ತೆ, ಉಬ್ಬಸದ ಮಗು ಮಲಗಿರುವ ಕೋಣೆಯಲ್ಲಿ ಲೋಬಾನ, ಊದು, ಊದಿನಕಡ್ಡಿ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿರಿ. ಬರಕತ್ತಿಗಾಗಿ ಹಾಕಿದ ಹೊಗೆ ಮಗುವಿನ ಎದೆಗೆ ಇಳಿಯುತ್ತದೆ. ಪಡಸಾಲೆಯಲ್ಲಿ ಕುಳಿತು ಬೀಡಿ ಸೇದುವ ಅಜ್ಜನಿಗೂ ಇದೇ ಮಾತು ಅನ್ವಯಿಸುತ್ತದೆ.

ಪಂಪಿನಿಂದ ಉಪಯೋಗವಾಗಲಿಲ್ಲ ಎಂದು ದೂರುವವರ ಕೈಗೆ ಪಂಪು ಕೊಟ್ಟು ಒಮ್ಮೆ ನೋಡಬೇಕು. ಬಹಳ ಜನ ಬಾಯಿ ತೆರೆದು ಅತ್ತರ್ ಸಿಂಪಡಿಸಿಕೊಂಡ ಹಾಗೆ ಒತ್ತುತ್ತಾರೆ. ಮದ್ದೆಲ್ಲ ನಾಲಿಗೆಯ ಮೇಲೆ. ಡಬ್ಬಿಯನ್ನು ಚೆನ್ನಾಗಿ ಅಲುಗಿಸಬೇಕು. ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಪಂಪಿನ ಬಾಯಿಯನ್ನು ಭದ್ರವಾಗಿ ಮುಚ್ಚಿ, ನಿಧಾನವಾಗಿ ಆಳವಾಗಿ ಒಳಗೆಳೆಯಲು ಆರಂಭಿಸಿದ ಕ್ಷಣದಲ್ಲೇ ಒತ್ತಬೇಕು. ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಎರಡನೆಯ ಒತ್ತಿಗೆ ಅರ್ಧ–ಒಂದು ನಿಮಿಷ ಬಿಡಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನವಾದರೆ ವಿಧಾನ ಬೇರೆ. ಅಲ್ಲಿ ನಿಧಾನವಲ್ಲ, ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಸು ಕಟ್ಟುತ್ತದೆ, ದನಿ ಗೊಗ್ಗರಾಗುತ್ತದೆ. ದಿನಕ್ಕೆ ಐದು ಬಾರಿ ವುಝೂ ಮಾಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಫಜ್ರ್ ಮತ್ತು ಇಶಾದ ವುಝೂಗೆ ಮುನ್ನ ಪಂಪು ತೆಗೆದುಕೊಳ್ಳುವ ರೂಢಿ ಇಟ್ಟುಕೊಂಡರೆ ಮರೆಯುವುದೂ ಇಲ್ಲ. (ರಮಝಾನಿನಲ್ಲಿ ಮಾತ್ರ ಸಹರಿ ಮುಗಿಯುವ ಮೊದಲೇ.)

ಮಕ್ಕಳಿಗೂ ಮುದುಕರಿಗೂ ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಸಾಧಿಸದು. ಅವರಿಗೆ ಸ್ಪೇಸರ್ ಎಂಬ ಕೊಳವೆ ಬೇಕು. ಅದನ್ನು ಕೊಳ್ಳಲಾಗದವರಿಗೂ ಉಪಾಯವಿದೆ: ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ರಂಧ್ರ ಕೊರೆದು, ಸುತ್ತ ಟೇಪು ಸುತ್ತಿ, ಬಾಟಲಿಯ ಬಾಯಿಂದ ಉಸಿರೆಳೆಯುವುದು. 1999ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ, ಇಂಥ ಬಾಟಲಿಯೂ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆಂದು ತೋರಿಸಿಕೊಟ್ಟರು. ಬಡತನ ನೆಪವಾಗಬಾರದು ಎಂದು ಹೇಳುವಷ್ಟು ನಾವು ನಿಷ್ಕರುಣಿಗಳಲ್ಲ, ಪಂಪಿನ ಬೆಲೆ ದಿನಗೂಲಿಯವನಿಗೆ ಭಾರವೇ. ಆದರೆ ಜನೌಷಧಿ ಕೇಂದ್ರಗಳಲ್ಲಿ ಪಂಪುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸಾಲ್‌ಬ್ಯೂಟಮಾಲ್, ಬ್ಯುಡೆಸೊನೈಡ್ ಪಂಪುಗಳೆರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ತಾಲೂಕು ಆಸ್ಪತ್ರೆಯಲ್ಲಿ ಅವುಗಳನ್ನು ಕೇಳಿರಿ, ಇಲ್ಲವೆಂದರೆ ಏಕಿಲ್ಲವೆಂದೂ ಕೇಳಿರಿ. ಮದುವೆಯ ಮಂಟಪಕ್ಕೆ ದೇಣಿಗೆ ಎತ್ತುವ ನಮ್ಮ ಜಮಾಅತುಗಳು ಊರಿನ ಹತ್ತು ಬಡ ರೋಗಿಗಳಿಗೆ ವರ್ಷದ ಪಂಪು ಕೊಡಿಸಲಾರವೇ?

ಮದ್ರಸಾ ಮತ್ತು ಶಾಲೆಗಳ ಉಸ್ತಾದರಿಗೆ, ಶಿಕ್ಷಕರಿಗೆ ಒಂದು ನೇರ ಮಾತು. ಮಗುವಿನ ಪಂಪನ್ನು ಇಸಿದುಕೊಂಡು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಶಿಸ್ತಲ್ಲ. ಬೀಗದ ಕೈ ಇರುವವರು ನಮಾಝಿಗೋ ಊಟಕ್ಕೋ ಹೋಗಿರುವ ಹೊತ್ತಿನಲ್ಲೇ ಉಸಿರು ಕಟ್ಟುತ್ತದೆ. ಪಂಪು ಮಗುವಿನ ಚೀಲದಲ್ಲಿರಲಿ, ಪಕ್ಕದಲ್ಲಿ ಕೂರುವ ಇಬ್ಬರು ಗೆಳೆಯರಿಗೂ ಅದು ಗೊತ್ತಿರಲಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆಳೆದುಕೊಳ್ಳುವುದು, ತುಟಿ ನೀಲಿಗಟ್ಟುವುದು ಕಂಡರೆ ಮಗುವನ್ನು ನೆಟ್ಟಗೆ ಕೂರಿಸಿ, ಸ್ಪೇಸರ್ ಮೂಲಕ ಸಾಲ್‌ಬ್ಯೂಟಮಾಲನ್ನು ಒಂದೊಂದೇ ಒತ್ತಿನಂತೆ ನಾಲ್ಕರಿಂದ ಹತ್ತು ಬಾರಿ ಕೊಟ್ಟು 108ಕ್ಕೆ ಕರೆ ಮಾಡಬೇಕು. ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಕೊಡಬಹುದು. ಬೆನ್ನಿಗೆ ಎಣ್ಣೆ ತಿಕ್ಕುತ್ತ, ಊದುತ್ತ ಕುಳಿತರೆ ಹೊತ್ತು ಹೋಗುತ್ತದೆ. ದುಆ ಮಾಡಿರಿ, ಅವಶ್ಯ ಮಾಡಿರಿ, ಆಂಬುಲೆನ್ಸಿನಲ್ಲಿ ಕುಳಿತು ಮಾಡಿರಿ.

2019ರ ಜಾಗತಿಕ ರೋಗಭಾರ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಇದು ಜಗತ್ತಿನ ಒಟ್ಟು ರೋಗಿಗಳ ಸುಮಾರು ಶೇ. 13. ಆದರೆ ಜಗತ್ತಿನಲ್ಲಿ ಅಸ್ತಮಾದಿಂದ ಸಾಯುವವರಲ್ಲಿ ಶೇ. 40ಕ್ಕೂ ಹೆಚ್ಚು ಜನ ನಮ್ಮ ದೇಶದವರು. ಅದೇ ಕಾಯಿಲೆ ಬೇರೆ ದೇಶಗಳಲ್ಲಿ ಇಷ್ಟು ಜನರನ್ನು ಕೊಲ್ಲುವುದಿಲ್ಲ. ಮದ್ದು ಇಲ್ಲವೆಂದಲ್ಲ, ಮದ್ದಿಗೂ ಮೂಗಿಗೂ ನಡುವೆ ನಾವು ಎಬ್ಬಿಸಿದ ಗೋಡೆಗಳು ಬಹಳ. ಅಲ್ಲಾಹನು ಮುಪ್ಪಿನ ಹೊರತು ಮದ್ದಿಲ್ಲದ ಯಾವ ಕಾಯಿಲೆಯನ್ನೂ ಇಳಿಸಿಲ್ಲವೆಂದು, ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಬೋಧಿಸಿದ್ದನ್ನು ನಮ್ಮ ಖತೀಬರು ಜುಮಾ ಖುತುಬಾಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ಅದೇ ಮಿಂಬರಿನಿಂದ ಒಮ್ಮೆ, ಹೆಸರು ಹಿಡಿದು, ಇನ್‌ಹೇಲರ್ ಎಂಬ ಶಬ್ದವನ್ನೂ ಉಚ್ಚರಿಸಲಿ. ತಮಗೇ ದಮ್ಮು ಇರುವ ಇಮಾಮರು ತಮ್ಮ ಪಂಪನ್ನು ಜುಬ್ಬಾದ ಒಳಜೇಬಿನಿಂದ ಹೊರಜೇಬಿಗೆ ವರ್ಗಾಯಿಸಲಿ.

ಇದನ್ನು ಓದುವ ಮನೆಯಲ್ಲಿ ಉಬ್ಬಸದವರಿದ್ದರೆ ಶಾಬಾನ್ ತಿಂಗಳು ಮುಗಿಯುವುದರೊಳಗೆ ವೈದ್ಯರನ್ನು ಕಂಡುಬನ್ನಿರಿ. ಪಂಪು, ಸ್ಪೇಸರ್, ಹಳೆಯ ಚೀಟಿ, ಮೂರನ್ನೂ ಒಯ್ಯಿರಿ. ನಾನು ರೋಝಾ ಹಿಡಿಯಬಹುದೇ, ಸಹರಿ ಮತ್ತು ಇಫ್ತಾರಿಗೆ ಮದ್ದನ್ನು ಹೇಗೆ ಹೊಂದಿಸಲಿ ಎಂದು ವೈದ್ಯರನ್ನು ಕೇಳಿರಿ. ಹಿಡಿಯಬಾರದೆಂದರೆ ಕಝಾ–ಫಿದ್ಯಾಗಳ ವಿವರವನ್ನು ಆಲಿಮರಲ್ಲಿ ಕೇಳಿರಿ. ಹೋಗುವಾಗ ಅತ್ತೆಯೂ ಸೊಸೆಯ ಜೊತೆಗೆ ಹೋಗಲಿ. ತಿರುಗಿ ಬಂದ ಮೇಲೆ ಪಂಪನ್ನು ಗೋಡೆಯ ಗೂಡಿನಲ್ಲಿ ಸಕ್ಕರೆಯ ಗುಳಿಗೆಯ ಪಕ್ಕದಲ್ಲಿಡಿರಿ, ಕತ್ತಲಲ್ಲೂ ಕೈಗೆ ಸಿಗುವ ಹಾಗೆ.